ಕರ್ತನ ಭೋಜನಕ್ಕೆ ಯಾರು ಯೋಗ್ಯರು?

ಸಂಸ್ಕಾರ, ಅಂದ್ರೆ ಕರ್ತನ ಭೋಜನ ಇರೋ ಭಾನುವಾರ ಚರ್ಚಲ್ಲಿ ಯಾರು ಎದ್ದು ಮುಂದೆ ಹೋಗ್ತಾರೆ, ಯಾರು ಬೆಂಚಲ್ಲೇ ಕೂತಿರ್ತಾರೆ ಅಂತ ಒಂದ್ಸಲ ಗಮನಿಸಿ ನೋಡಿ. ಪ್ರಸಂಗ ಮುಗಿದು ಕಾಣಿಕೆ ಎತ್ತಿ ಆದ್ಮೇಲೆ ಒಂದಷ್ಟು ಜನ ಮೆಲ್ಲಗೆ ಹೊರಗೆ ಜಾರ್ಕೋತಾರೆ, ಇನ್ನೊಂದಷ್ಟು ಜನ ತಲೆ ಬಗ್ಗಿಸ್ಕೊಂಡು ಕೂತಲ್ಲೇ ಕೂತಿರ್ತಾರೆ. ಯಾಕೆ ತಗೊಳ್ಳಲ್ಲ ಅಂತ ಕೇಳಿದ್ರೆ ಒಬ್ಬೊಬ್ರದು ಒಂದೊಂದು ಕಾರಣ. ತಮ್ಮನ ಜೊತೆ ಆಸ್ತಿ ಜಗಳ ನಡೀತಿದೆ, ಶನಿವಾರ ರಾತ್ರಿ ಫ್ರೆಂಡ್ಸ್ ಜೊತೆ ಸ್ವಲ್ಪ ಕುಡಿದಿದ್ದೆ, ಮನಸ್ಸು ಯಾಕೋ ಸರಿ ಇಲ್ಲ, ಈ ತಿಂಗಳು ಪ್ರಾರ್ಥನೆನೇ ಮಾಡಿಲ್ಲ. ಇದೆಲ್ಲದರ ಕೆಳಗೆ ಒಂದು ಭಯ ಕೂತಿದೆ: ಯೋಗ್ಯತೆ ಇಲ್ದೆ ತಗೊಂಡ್ರೆ ಶಿಕ್ಷೆ ಬರುತ್ತೆ. ಅದು ಸುಮ್ನೆ ಹುಟ್ಟಿದ ಭಯ ಅಲ್ಲ, ಬೈಬಲಲ್ಲಿ ಯೇಸುವಿನ ಅಪೊಸ್ತಲ ಪೌಲ ಕೊರಿಂಥ ಅನ್ನೋ ಗ್ರೀಕ್ ಊರಿನ ಸಭೆಯವರಿಗೆ ಬರೆದ ಮೊದಲನೇ ಪತ್ರದ 11ನೇ ಅಧ್ಯಾಯದಲ್ಲಿ ಅಯೋಗ್ಯವಾಗಿ ತಿಂದು ಕುಡಿಯೋನು ತನಗೇ ನ್ಯಾಯತೀರ್ಪು ತಂದ್ಕೋತಾನೆ, ಅದಕ್ಕೇ ನಿಮ್ಮಲ್ಲಿ ಎಷ್ಟೋ ಜನ ಕಾಯಿಲೆ ಬಿದ್ದಿದ್ದಾರೆ, ಕೆಲವರು ಸತ್ತೂ ಹೋಗಿದ್ದಾರೆ ಅಂತ ನೇರವಾಗೇ ಬರೆದಿದೆ. ಆದ್ರೆ ಪೌಲ ಅದನ್ನ ಯಾರಿಗೆ, ಯಾವ ತಪ್ಪಿಗೆ ಬರೆದ ಅಂತ ನೋಡಿದ್ರೆ ಈ ಇಡೀ ವಿಷಯಾನೇ ಬೇರೆ ಥರ ಕಾಣುತ್ತೆ, ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳೋಣ ಅಂತ.

ಚರ್ಚ್ ಪರಿಚಯ ಇಲ್ಲದವರಿಗೆ ಮೊದಲು ಎರಡು ಮಾತು. ಯೇಸು ತನ್ನನ್ನ ಹಿಡ್ಕೊಂಡು ಹೋಗೋ ರಾತ್ರಿ ಶಿಷ್ಯರ ಜೊತೆ ಊಟಕ್ಕೆ ಕೂತಾಗ ರೊಟ್ಟಿ ತಗೊಂಡು, ದೇವರಿಗೆ ಸ್ತೋತ್ರ ಹೇಳಿ, ಮುರಿದು, ಇದು ನಿಮಗೋಸ್ಕರ ಕೊಡೋ ನನ್ನ ದೇಹ ಅಂತ ಹಂಚಿದ, ದ್ರಾಕ್ಷಾರಸದ ಪಾತ್ರೆ ಕೊಟ್ಟು ಇದು ನನ್ನ ರಕ್ತದಿಂದಾದ ಹೊಸ ಒಡಂಬಡಿಕೆ ಅಂದ, ನನ್ನ ನೆನಪಿಗೆ ಹೀಗೆ ಮಾಡ್ತಾ ಇರಿ ಅಂದ. ಮಾರನೇ ದಿನ ಶಿಲುಬೆ. ಅವತ್ತಿಂದ ಕ್ರೈಸ್ತರು ಇದನ್ನ ಬಿಡದೇ ಮಾಡ್ಕೊಂಡು ಬಂದಿದ್ದಾರೆ. ನಮ್ಮ ಕಡೆ ಪ್ರೊಟೆಸ್ಟೆಂಟರು ಕರ್ತನ ಭೋಜನ ಅಂತಾರೆ, ಸಂಸ್ಕಾರ ಅಂತಾನೂ ಅಂತಾರೆ, ಕಥೋಲಿಕರು ಬಲಿಪೂಜೆಯಲ್ಲಿ ಪರಮ ಪ್ರಸಾದ ಸ್ವೀಕರಿಸ್ತಾರೆ, ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಅದೇ ಕುಮ್ಗಾರ್. ಒಂದು ಕಡೆ ತೆಳ್ಳಗಿನ ಬಿಳಿ ಅಪ್ಪ, ಇನ್ನೊಂದು ಕಡೆ ಬ್ರೆಡ್ ತುಂಡು. ಒಂದು ಕಡೆ ವೈನ್, ಇನ್ನೊಂದು ಕಡೆ ಒಣದ್ರಾಕ್ಷಿ ಕುದಿಸಿ ಸೋಸಿದ ರಸ.

ನೆನಪಿಗೆ ಮಾಡಿ ಅನ್ನೋದನ್ನ ನಾವು ಸಾಮಾನ್ಯವಾಗಿ ಪುಣ್ಯತಿಥಿ ಥರ ತಗೊಂಡ್ಬಿಡ್ತೀವಿ, ಹೋದವರನ್ನ ನೆನೆಸ್ಕೊಳ್ಳೋದು, ಸ್ವಲ್ಪ ದುಃಖ ಪಡೋದು, ಮುಖ ಗಂಭೀರ ಇಟ್ಕೊಳ್ಳೋದು. ಆದ್ರೆ ಆ ರಾತ್ರಿ ಊಟಕ್ಕೆ ಕೂತವರು ಯೆಹೂದಿಗಳು, ಮತ್ತಾಯ ಮಾರ್ಕ ಲೂಕ ಮೂವರ ಪ್ರಕಾರ ಅದು ಪಸ್ಕದ ಊಟ, ಅಂದ್ರೆ ಐಗುಪ್ತದ ಗುಲಾಮಗಿರಿಯಿಂದ ದೇವರು ಬಿಡಿಸಿದ್ದನ್ನ ವರ್ಷವರ್ಷ ಆಚರಿಸೋ ಊಟ. ಯೆಹೂದಿ ಸಂಪ್ರದಾಯದಲ್ಲಿ ಇದಕ್ಕೊಂದು ನಿಯಮ ಇದೆ, ಪ್ರತಿ ತಲೆಮಾರಲ್ಲೂ ಪ್ರತಿಯೊಬ್ಬನೂ ತಾನೇ ಐಗುಪ್ತದಿಂದ ಹೊರಗೆ ಬಂದವನು ಅಂತ ಎಣಿಸ್ಕೋಬೇಕು. ಸಾವಿರ ವರ್ಷದ ಹಿಂದೆ ಮುತ್ತಜ್ಜನ ಮುತ್ತಜ್ಜ ಬಂದ ಅಂತಲ್ಲ, ನಾನು ಬಂದೆ. ಅಲ್ಲಿ ನೆನಪು ಅಂದ್ರೆ ಆ ಕಥೆ ಒಳಗೆ ತನ್ನ ಹೆಸರು ಸೇರಿಸ್ಕೊಳ್ಳೋದು. ಸಂಸ್ಕಾರದ ವೈಯಕ್ತಿಕ ಅರ್ಥ ಅಂತ ಏನಾದ್ರೂ ಇದ್ರೆ ಅದು ಶುರುವಾಗೋದು ಇಲ್ಲಿಂದ. ಯೇಸು ಲೋಕಕ್ಕೋಸ್ಕರ ಸತ್ತ ಅಂತ ಪ್ರಸಂಗದಲ್ಲಿ ಎಷ್ಟು ಸಲ ಕೇಳಿದ್ರೂ ಅದು ದೊಡ್ಡ ಜನಸಮೂಹದ ಬಗ್ಗೆ ಹೇಳಿದ ಹಾಗೇ ಇರುತ್ತೆ, ನನ್ನ ಕೈಗೇ ಒಂದು ತುಂಡು ಬಂದಾಗ ಮಾತ್ರ ಅದು ಬೇರೆಯವರ ವಿಷಯವಾಗಿ ಉಳಿಯಲ್ಲ. ಜರ್ಮನಿಯ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಮಂದಿಗೆ ಅಂತ ಬರೆದ ಚಿಕ್ಕ ಬೋಧನಾ ಪುಸ್ತಕದಲ್ಲಿ ಇದನ್ನೇ ಹಿಡೀತಾನೆ. ಉಪವಾಸ ಮಾಡೋದು, ಮೈ ಶುಚಿ ಮಾಡ್ಕೊಳ್ಳೋದು ಒಳ್ಳೇ ಹೊರಗಿನ ಶಿಸ್ತು, ಇರ್ಲಿ, ಆದ್ರೆ ‘ನಿಮಗೋಸ್ಕರ’ ಅನ್ನೋ ಮಾತನ್ನ ನಂಬಿದವನೇ ನಿಜವಾಗಿ ಯೋಗ್ಯ, ಸಿದ್ಧ ಅಂತ ಅವನ ಲೆಕ್ಕ.

ಈಗ ಕೊರಿಂಥಕ್ಕೆ ಬರೋಣ. ಪೌಲ ಈ ಪತ್ರ ಬರೆದಿದ್ದು ಕ್ರಿ.ಶ. 50ರ ದಶಕದಲ್ಲಿ, ಅಂದ್ರೆ ನಾಲ್ಕು ಸುವಾರ್ತೆಗಳಿಗಿಂತ ಮೊದಲು, ಹಾಗಾಗಿ ಕರ್ತನ ಭೋಜನದ ಬಗ್ಗೆ ನಮಗೆ ಸಿಕ್ಕಿರೋ ಎಲ್ಲಕ್ಕಿಂತ ಹಳೇ ಬರಹ ಇದೇ, ಮತ್ತೆ ಅದು ಬರೆದಿರೋದು ಬೈಯ್ಯೋಕೆ! ಆಗ ಚರ್ಚ್ ಕಟ್ಟಡ ಅಂತ ಇರ್ಲಿಲ್ಲ, ಸ್ಥಿತಿವಂತರ ಮನೇಲಿ ಸೇರ್ತಿದ್ರು, ಸಂಸ್ಕಾರ ಬೇರೆ ಊಟ ಬೇರೆ ಅಂತಾನೂ ಇರ್ಲಿಲ್ಲ, ಹೊಟ್ಟೆ ತುಂಬ ಊಟದ ಜೊತೆಗೇ ರೊಟ್ಟಿ ಮುರೀತಿದ್ರು. ಅಂಥ ರೋಮನ್ ಮನೆಗಳ ಊಟದ ಕೋಣೆಲಿ ಒರಗಿಕೊಂಡು ತಿನ್ನೋಕೆ ಸುಮಾರು ಒಂಬತ್ತು ಜನಕ್ಕೆ ಜಾಗ, ಉಳಿದವರು ಅಂಗಳದಲ್ಲಿ. ಕೋಣೆ ಒಳಗೆ ಯಾರು ಕೂತಿರ್ತಾರೆ, ಅಂಗಳದಲ್ಲಿ ಯಾರು ನಿಂತಿರ್ತಾರೆ ಅಂತ ನಮ್ಮ ದೇಶದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ದುಡ್ಡಿರೋರು ಬೇಗ ಬಂದು ತಮ್ಮ ಬುತ್ತಿ ತಾವು ತಿಂದು ಕುಡಿದು ಮುಗಿಸ್ತಿದ್ರು, ಗುಲಾಮರು ಕೂಲಿಯವರು ಕೆಲಸ ಮುಗಿಸ್ಕೊಂಡು ತಡವಾಗಿ ಬರೋ ಹೊತ್ತಿಗೆ ಏನೂ ಉಳಿದಿರ್ತಿರ್ಲಿಲ್ಲ. ಒಬ್ಬ ಹಸ್ಕೊಂಡಿದ್ದಾನೆ, ಇನ್ನೊಬ್ಬ ಅಮಲೇರಿ ಕೂತಿದ್ದಾನೆ, ತಿಂದು ಕುಡಿಯೋಕೆ ನಿಮಗೆ ಮನೆ ಇಲ್ವಾ, ಇಲ್ಲದವರ ಮುಖ ಸಣ್ಣ ಮಾಡ್ತೀರಾ, ನೀವು ಮಾಡ್ತಿರೋದು ಕರ್ತನ ಭೋಜನವೇ ಅಲ್ಲ ಅಂತ ಪೌಲ ಉಗೀತಾನೆ. ನಮ್ಮ ಭಾಷೇಲಿ ಹೇಳೋದಾದ್ರೆ ಅದು ಪಂಕ್ತಿಭೇದ. ಒಂದೇ ದೇವರ ಹೆಸರಲ್ಲಿ ಒಂದೇ ಮನೇಲಿ ಎರಡು ಪಂಕ್ತಿ.

‘ಅಯೋಗ್ಯವಾಗಿ’ ಅಂತ ಬರೋದು ಈ ಬೈಗುಳದ ಮಧ್ಯದಲ್ಲಿ. ಪ್ರತಿಯೊಬ್ಬನೂ ತನ್ನನ್ನ ತಾನು ಪರೀಕ್ಷಿಸ್ಕೊಳ್ಳಲಿ ಅನ್ನೋದೂ ಇಲ್ಲೇ, ಮತ್ತೆ ಆ ವಾಕ್ಯ ಎಲ್ಲಿಗೆ ನಿಲ್ಲುತ್ತೆ ಅಂದ್ರೆ, ಪರೀಕ್ಷಿಸ್ಕೊಂಡು ಆಮೇಲೆ ತಿನ್ನಲಿ ಅಂತ ಇದೆ, ಪರೀಕ್ಷಿಸ್ಕೊಂಡು ಎದ್ದು ಮನೆಗೆ ಹೋಗಲಿ ಅಂತಿಲ್ಲ. ಇನ್ನೊಂದು ಮಾತು, ದೇಹವನ್ನ ವಿವೇಚಿಸದೇ ತಿನ್ನೋನು ತೀರ್ಪಿಗೆ ಗುರಿಯಾಗ್ತಾನೆ ಅನ್ನೋದು. ಅಲ್ಲಿ ದೇಹ ಅಂದ್ರೆ ರೊಟ್ಟಿನಾ, ಶಿಲುಬೆ ಮೇಲಿನ ದೇಹನಾ, ಪಕ್ಕದಲ್ಲಿ ಕೂತಿರೋ ಸಭೆನಾ ಅಂತ ವಿದ್ವಾಂಸರು ಇನ್ನೂ ವಾದ ಮಾಡ್ತಾನೇ ಇದ್ದಾರೆ, ಆದ್ರೆ ಒಂದು ಅಧ್ಯಾಯ ಹಿಂದೆ ಹೋದ್ರೆ ಇದೇ ಪೌಲ ರೊಟ್ಟಿ ಒಂದೇ ಆಗಿರೋದ್ರಿಂದ ನಾವು ಅನೇಕರಾದ್ರೂ ಒಂದೇ ದೇಹ ಅಂತ ಬರೆದಿದ್ದಾನೆ, ಒಂದು ಅಧ್ಯಾಯ ಮುಂದೆ ಹೋದ್ರೆ ಕಣ್ಣು ಕೈಗೆ ನೀನು ನನಗೆ ಬೇಡ ಅನ್ನೋ ಹಾಗಿಲ್ಲ ಅಂತಾನೆ. ಬೈದು ಬೈದು ಕೊನೆಗೆ ಅವನು ಕೊಡೋ ಪರಿಹಾರ ನೋಡಿ: ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ. ಇಷ್ಟೇ. ಅಂಗಳದಲ್ಲಿರೋನು ಬರೋ ತನಕ ಕಾಯಿ. ನಮ್ಮಲ್ಲಿ ಇದನ್ನ ಮನಸ್ಸಲ್ಲಿ ಕೆಟ್ಟ ಯೋಚನೆ ಬಂತಾ, ನಿನ್ನೆ ಸಿಟ್ಟು ಮಾಡ್ಕೊಂಡ್ನಾ ಅನ್ನೋ ಒಳಗಿನ ಲೆಕ್ಕಕ್ಕೆ ಇಳಿಸಿಬಿಟ್ಟಿದ್ದೀವಿ. ಒಳಗಿನ ಲೆಕ್ಕ ಬೇಡ ಅಂತ ನಾನು ಹೇಳ್ತಿಲ್ಲ, ಪಾಪ ಪಾಪವೇ, ಆದ್ರೆ ಪೌಲನ ಸಿಟ್ಟು ತಿರುಗಿದ್ದು ತಾನು ಯೋಗ್ಯ ಅಲ್ಲ ಅಂತ ಅಳೋನ ಕಡೆಗಲ್ಲ, ಪಕ್ಕದವನು ಕಣ್ಣಿಗೇ ಬೀಳದ ಹಾಗೆ ಆರಾಮಾಗಿ ತಿಂತಾ ಕೂತಿದ್ದವನ ಕಡೆಗೆ.

ಅದಿರ್ಲಿ, ಮೊಟ್ಟಮೊದಲ ಊಟಕ್ಕೆ ಕೂತವರು ಯಾರು? ಲೂಕ ಬರೆದಿರೋ ಕ್ರಮ ನೋಡಿದ್ರೆ ರೊಟ್ಟಿ ಪಾತ್ರೆ ಎರಡೂ ಕೊಟ್ಟಾದ್ಮೇಲೆ, ನನ್ನನ್ನ ಹಿಡ್ಕೊಡೋನ ಕೈ ಇದೇ ಮೇಜಿನ ಮೇಲಿದೆ ಅಂತಾನೆ ಯೇಸು. ಅದಾದ ಕೂಡಲೇ ಶಿಷ್ಯರಿಗೆ ತಮ್ಮಲ್ಲಿ ಯಾರು ದೊಡ್ಡೋರು ಅಂತ ಜಗಳ! ಪೇತ್ರ ಅವತ್ತು ರಾತ್ರಿನೇ ಕೋಳಿ ಕೂಗೋದ್ರೊಳಗೆ ಮೂರು ಸಲ ಆ ಮನುಷ್ಯ ನಂಗೆ ಗೊತ್ತೇ ಇಲ್ಲ ಅಂದ, ಉಳಿದವರು ತೋಟದಲ್ಲಿ ನಿದ್ದೆ ಹೊಡೆದು ಆಮೇಲೆ ಓಡಿಹೋದ್ರು. ಇದೆಲ್ಲ ಆಗುತ್ತೆ ಅಂತ ಗೊತ್ತಿದ್ದೇ ಕೊಟ್ಟಿದ್ದು. ಯೋಹಾನನ ಸುವಾರ್ತೆಲಿ ಆ ರಾತ್ರಿ ಇದು ನನ್ನ ದೇಹ ಅಂತ ರೊಟ್ಟಿ ಹಂಚಿದ ಮಾತೇ ಬರಲ್ಲ, ಅದರ ಬದಲು ಯೇಸು ಸೊಂಟಕ್ಕೆ ಟವೆಲ್ ಸುತ್ಕೊಂಡು ಇವರ ಕಾಲು ತೊಳೀತಾನೆ. ಯೋಗ್ಯತೆ ಸರ್ಟಿಫಿಕೇಟ್ ಕೇಳಿದ್ದಿದ್ರೆ ಆ ಮೇಜು ಪೂರ್ತಿ ಖಾಲಿ ಇರ್ತಿತ್ತು.

ಹಾಗಾದ್ರೆ ಈ ಭಯ ಎಲ್ಲಿಂದ ಬಂತು? ಸಾವಿರಾರು ವರ್ಷದ ಕಥೆ ಅದು, ಬೇಗ ಬೇಗ ಹೇಳ್ತೀನಿ. ಯೂರೋಪಲ್ಲಿ ಜನ ಎಷ್ಟು ದೂರ ಸರಿದಿದ್ರು ಅಂದ್ರೆ 1215ರಲ್ಲಿ ಕಥೋಲಿಕ ಚರ್ಚಿನ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೆ ಒಂದು ಸಲ, ಈಸ್ಟರ್ ಹೊತ್ತಿಗಾದ್ರೂ ಸ್ವೀಕರಿಸಲೇಬೇಕು ಅಂತ ಕಾನೂನು ಮಾಡಬೇಕಾಯ್ತು. ಬಾಕಿ ದಿನ ಗುರುಗಳು ಅಪ್ಪವನ್ನ ಮೇಲಕ್ಕೆ ಎತ್ತಿ ಹಿಡಿದಾಗ ದೂರದಿಂದ ನೋಡಿ ತೃಪ್ತಿ ಪಡೋದು, ಒಂಥರ ದರ್ಶನ. ಮುಂದೆ ಪ್ರೊಟೆಸ್ಟೆಂಟರು ಬಂದು ಎಲ್ಲ ಬದಲಾಯಿಸ್ತೀವಿ ಅಂದ್ರು, ಜಿನೀವಾದಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ವಾರವಾರ ಇರಬೇಕು ಅಂತ ಆಸೆಪಟ್ಟ, ನಗರಸಭೆ ಒಪ್ಪದೇ ವರ್ಷಕ್ಕೆ ನಾಲ್ಕು ಸಲಕ್ಕೆ ನಿಲ್ಲಿಸ್ತು. ಸ್ಕಾಟ್ಲೆಂಡಲ್ಲಂತೂ ಸಭೆಯ ಹಿರಿಯರು ಮೊದಲೇ ಪರೀಕ್ಷೆ ಮಾಡಿ ಪಾಸಾದವರಿಗೆ ಸೀಸದ ಬಿಲ್ಲೆ ಕೊಡ್ತಿದ್ರು, ಬಿಲ್ಲೆ ತೋರಿಸಿದ್ರೆ ಮೇಜಿಗೆ ಪ್ರವೇಶ. ಕಥೋಲಿಕರಲ್ಲಿ 1905ರಲ್ಲಿ ಪೋಪ್ ಹತ್ತನೇ ಪಿಯುಸ್ ಪದೇಪದೇ, ಆಗೋದಾದ್ರೆ ದಿನವೂ ಸ್ವೀಕರಿಸಿ ಅಂತ ಪ್ರೋತ್ಸಾಹ ಕೊಟ್ಟರು, 1910ರಲ್ಲಿ ಮಕ್ಕಳಿಗೆ ಸುಮಾರು ಏಳು ವರ್ಷಕ್ಕೇ ಕೊಡಬಹುದು ಅಂದ್ರು, ಬಿಳಿ ಫ್ರಾಕ್ ಹಾಕ್ಕೊಂಡ ಪುಟ್ಟ ಮಕ್ಕಳ ಪ್ರಥಮ ಪರಮ ಪ್ರಸಾದದ ಫೋಟೋ ಮನೆಮನೇಲಿ ಕಾಣೋಕೆ ಹಿಂದಿರೋದು ಆ ಆಜ್ಞೆ.

ಇನ್ನು ಎಲ್ಲರೂ ಕೇಳೋ ಪ್ರಶ್ನೆ, ರೊಟ್ಟಿಗೆ ನಿಜವಾಗ್ಲೂ ಏನಾಗುತ್ತೆ? ಕಥೋಲಿಕರು ರೂಪ ರುಚಿ ರೊಟ್ಟಿದೇ ಇದ್ರೂ ಒಳಗಿನ ಸತ್ವ ಪೂರ್ತಿ ಕ್ರಿಸ್ತನ ದೇಹವಾಗಿ ಬದಲಾಗುತ್ತೆ ಅಂತಾರೆ. ಲೂಥರನ ಕಡೆಯವರು ರೊಟ್ಟಿ ರೊಟ್ಟಿಯಾಗೇ ಉಳಿಯುತ್ತೆ, ಅದರಲ್ಲೇ ಅದರ ಜೊತೆಗೇ ಕ್ರಿಸ್ತನ ದೇಹವೂ ಇರುತ್ತೆ ಅಂತಾರೆ. ಕ್ಯಾಲ್ವಿನ್ ಹೇಳೋದು, ಕ್ರಿಸ್ತನ ದೇಹ ಪರಲೋಕದಲ್ಲಿದೆ, ಆದ್ರೆ ಪವಿತ್ರಾತ್ಮ ನಮ್ಮನ್ನ ಆತನಿಗೆ ನಿಜವಾಗ್ಲೂ ಸೇರಿಸ್ತಾನೆ, ಬಾಯಿ ರೊಟ್ಟಿ ತಿನ್ನುವಾಗ ನಂಬಿಕೆ ಕ್ರಿಸ್ತನನ್ನ ಉಣ್ಣುತ್ತೆ. ಜೂರಿಕ್‌ನ ಸುಧಾರಕ ಜ್ವಿಂಗ್ಲಿಗೆ ಅದು ಗುರುತು, ಸ್ಮರಣೆ, ಸಭೆ ಎಲ್ಲರ ಮುಂದೆ ಮಾಡೋ ಪ್ರತಿಜ್ಞೆ. ನಮ್ಮಲ್ಲಿ ಬ್ಯಾಪ್ಟಿಸ್ಟ್, ಪೆಂಟೆಕೋಸ್ಟ್ ಸಭೆಗಳು ಹೆಚ್ಚುಕಮ್ಮಿ ಈ ಕೊನೇದಕ್ಕೆ ಹತ್ತಿರ. 1529ರ ಅಕ್ಟೋಬರಲ್ಲಿ ಮಾರ್ಬರ್ಗ್ ಕೋಟೇಲಿ ಲೂಥರ್‌ನೂ ಜ್ವಿಂಗ್ಲಿನೂ ಎದುರುಬದುರು ಕೂರಿಸಿ ರಾಜಿ ಮಾಡಿಸೋ ಪ್ರಯತ್ನ ಆಯ್ತು, ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ‘ಇದು ನನ್ನ ದೇಹ’ ಅಂತ ಲ್ಯಾಟಿನಲ್ಲಿ ಬರ್ಕೊಂಡೇ ಕೂತ. ಹದಿನೈದು ವಿಷಯದಲ್ಲಿ ಹದಿನಾಲ್ಕು ಒಪ್ಪಿದ್ರು, ಹದಿನೈದನೇದು ಕರ್ತನ ಭೋಜನ, ಅಲ್ಲಿ ಮುರಿದು ಬಿತ್ತು. ಒಂದೇ ಮೇಜಿಗೆ ಕೂರಿಸಬೇಕಾದ ವಿಷಯಾನೇ ಮೇಜನ್ನ ಒಡೀತಲ್ಲ ಅಂತ ನಂಗೆ ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಈ ನಾಲ್ಕರಲ್ಲಿ ನನ್ನ ಮನಸ್ಸು ಕ್ಯಾಲ್ವಿನ್ ಕಡೆ ವಾಲುತ್ತೆ, ಯಾಕಂದ್ರೆ ಬರೀ ನೆನಪು ಅಂದ್ಬಿಟ್ರೆ ಎಲ್ಲ ಭಾರ ನನ್ನ ಮನಸ್ಸಿನ ಮೇಲೆ ಬೀಳುತ್ತೆ, ಅವತ್ತು ತಲೆನೋವಿದ್ದು ನೆನಪೇ ಬರ್ಲಿಲ್ಲ ಅಂದ್ರೆ ಏನೂ ಆಗ್ಲಿಲ್ಲ ಅಂತ ಆಗ್ಬಿಡುತ್ತೆ. ಕೊಡೋನು ಅಲ್ಲಿದ್ದಾನೆ ಅನ್ನೋದೊಂದು ಗಟ್ಟಿಯಾದ್ರೆ ಉಳಿದದ್ದನ್ನ ಪಂಡಿತರಿಗೆ ಬಿಡಬಹುದು.

ಕೊಡೋನು ಅಂದೆ ನೋಡಿ, ಅದು ಹತ್ತಿರದಿಂದ ನೋಡೋ ವಿಷಯ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಲ್ಲಿ ವೇದಿಕೆ ಮುಂದಿನ ರೇಲಿಂಗ್ ಹತ್ರ ಸಾಲಾಗಿ ಮಂಡಿ ಊರ್ತಾರೆ. ಬಲಗೈ ಮೇಲೆ ಎಡಗೈಯೋ, ಎಡಗೈ ಮೇಲೆ ಬಲಗೈಯೋ, ಅಭ್ಯಾಸ ಇದ್ದ ಹಾಗೆ ಅಂಗೈ ಮಡಚಿ ಬಟ್ಟಲು ಥರ ಮುಂದೆ ಹಿಡೀತಾರೆ. ಪಾಸ್ಟರ್ ಒಬ್ಬೊಬ್ಬರ ಮುಂದೆ ನಿಂತು ಇದು ಕ್ರಿಸ್ತನ ದೇಹ ಅಂತ ಹೇಳಿ ಒಂದು ಅಪ್ಪ ಇಡ್ತಾರೆ, ತೂಕವೇ ಇರಲ್ಲ, ಬಾಯಲ್ಲಿಟ್ರೆ ಅಂಗುಳಕ್ಕೆ ಅಂಟ್ಕೊಂಡು ಕೂತ್ಬಿಡುತ್ತೆ, ಅದನ್ನ ನಾಲಿಗೇಲಿ ಬಿಡಿಸ್ಕೊಳ್ಳೋದ್ರಲ್ಲಿ ಭಕ್ತಿ ಎಲ್ಲ ಚದುರಿ ಹೋಗೋದೂ ಉಂಟು. ಹಿಂದೇನೇ ಪಾತ್ರೆ ಬರುತ್ತೆ, ಒಬ್ಬರು ಕುಡಿದಾದ್ಮೇಲೆ ಅಂಚನ್ನ ಬಿಳಿ ಬಟ್ಟೇಲಿ ಒರೆಸಿ ಸ್ವಲ್ಪ ತಿರುಗಿಸಿ ಮುಂದಿನವರಿಗೆ. ಗಮನಿಸಬೇಕಾದ್ದು ಏನಂದ್ರೆ ಅಲ್ಲಿ ಯಾರೂ ತಾವಾಗೇ ತಟ್ಟೆಗೆ ಕೈ ಹಾಕಲ್ಲ. ಆಫೀಸಲ್ಲಿ ಮ್ಯಾನೇಜರ್ ಆಗಿರೋರೂ, ಅವರ ಮನೆ ಕೆಲಸಕ್ಕೆ ಬರೋ ಹೆಂಗಸೂ ಒಂದೇ ಎತ್ತರದಲ್ಲಿ ಮಂಡಿ ಊರಿ ಖಾಲಿ ಕೈ ಚಾಚ್ಕೊಂಡಿರ್ತಾರೆ. ಇದು ತುಂಬಾ ವೈಯಕ್ತಿಕ, ನನ್ನ ಬಾಯಿಗೆ ಬಿದ್ದದ್ದು ನಂಗೆ ಮಾತ್ರ, ನನ್ನ ಬದಲು ಇನ್ನೊಬ್ಬರು ತಿನ್ನೋಕಾಗಲ್ಲ, ಆದ್ರೆ ಖಾಸಗಿ ಅಂತೂ ಅಲ್ಲವೇ ಅಲ್ಲ, ಯಾಕಂದ್ರೆ ಎಡಕ್ಕೂ ಬಲಕ್ಕೂ ಒಬ್ಬೊಬ್ಬರ ಮೊಣಕೈ ತಾಗ್ತಾ ಇರುತ್ತೆ, ನಾನು ಕುಡಿಯೋ ಪಾತ್ರೇಲಿ ಈಗ ತಾನೇ ಅವರು ಕುಡಿದಿದ್ದಾರೆ.

ದಕ್ಷಿಣ ಭಾರತದಲ್ಲಿ ಇದು ಸಣ್ಣ ವಿಷಯ ಅಲ್ಲ. ಎಂಜಲು ಅನ್ನೋದಕ್ಕೆ ಇಲ್ಲಿ ಎಷ್ಟು ಭಾರ ಇದೆ ಅಂತ ಎಲ್ಲರಿಗೂ ಗೊತ್ತು. ತಮಿಳುನಾಡಿನ ಹಳೇ ಮಿಷನ್ ಸಭೆಗಳಲ್ಲಿ ಜಾತಿ ಪ್ರಕಾರ ಬೇರೆ ಬೇರೆ ಕಡೆ ಕೂರೋದು, ಮೇಲುಜಾತಿಯವರು ಮೊದಲು ಸಂಸ್ಕಾರ ತಗೊಳ್ಳೋದು ತಲೆಮಾರುಗಟ್ಟಲೆ ನಡೆದಿತ್ತು. 1833ರಲ್ಲಿ ಕಲ್ಕತ್ತಾ ಬಿಷಪ್ ಡೇನಿಯಲ್ ವಿಲ್ಸನ್ ಪತ್ರ ಬರೆದು ಚರ್ಚೊಳಗೆ ಜಾತಿಭೇದ ಖಡಾಖಂಡಿತವಾಗಿ, ಈಗಲೇ, ಶಾಶ್ವತವಾಗಿ ಬಿಡಬೇಕು ಅಂತ ಹೇಳಿದಾಗ ತಂಜಾವೂರು ಕಡೆ ಎಷ್ಟೋ ಜನ ಒಪ್ಪದೇ ಎದ್ದೇ ಹೋದ್ರು. ಕೊರಿಂಥದ ಅಂಗಳ ಕಾವೇರಿ ತೀರಕ್ಕೂ ಬಂದಿತ್ತು ಅಂತಾಯ್ತು, ಮತ್ತೆ ಅದು ಪೂರ್ತಿ ಹೋಗಿದೆ ಅಂತ ಎದೆ ತಟ್ಟಿ ಹೇಳೋ ಧೈರ್ಯ ನಂಗಿಲ್ಲ. ಇನ್ನೊಂದು ಕಡೆ ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಅಂತ ವಿದೇಶದ ಜಗಳ ಹೊತ್ಕೊಂಡು ಬಂದಿದ್ದ ಸಭೆಗಳು 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆ, ಅಂದ್ರೆ ಸಿಎಸ್‌ಐ ಆಯ್ತು. ಒಂದೇ ಊರಲ್ಲಿದ್ದೂ ಬೇರೆ ಬೇರೆ ಮೇಜಿಗೆ ಹೋಗ್ತಿದ್ದವರು ಒಂದೇ ಮೇಜಿಗೆ ಬಂದ್ರು.

ಆ ಹೊಸ ಸಭೆ 1950ರಲ್ಲಿ ತಂದ ಆರಾಧನಾ ಕ್ರಮದಲ್ಲಿ ಹಳೇ ಕಾಲದ ಒಂದು ಪದ್ಧತಿಗೆ ಮತ್ತೆ ಜೀವ ಕೊಟ್ಟರು, ಸಮಾಧಾನ ಹಂಚೋದು. ಒಬ್ಬರ ಬಲ ಅಂಗೈ ಇನ್ನೊಬ್ಬರ ಬಲ ಅಂಗೈಗೆ ಸೇರಿಸಿ, ಎಡಗೈಯಿಂದ ಮೇಲೆ ಮುಚ್ಚೋದು, ಅದು ಮೇಜಿನ ಹತ್ರದಿಂದ ಶುರುವಾಗಿ ಬೆಂಚಿಂದ ಬೆಂಚಿಗೆ ಕೊನೇ ತನಕ ಸಾಗುತ್ತೆ. ಈಗ ಎಷ್ಟೋ ಕಡೆ ಅದು ಪಕ್ಕದವರಿಗೊಂದು ಶೇಕ್‌ಹ್ಯಾಂಡ್, ಹಿಂದಿನವರಿಗೊಂದು ನಗು ಅನ್ನೋ ಮಟ್ಟಕ್ಕೆ ಬಂದಿದೆ. ಆದ್ರೆ ಅದನ್ನ ರೊಟ್ಟಿಗಿಂತ ಮೊದಲು ಇಟ್ಟಿದ್ದಕ್ಕೆ ಕಾರಣ ಇದೆ. ಕಾಣಿಕೆ ತಂದು ವೇದಿ ಹತ್ರ ನಿಂತಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು, ಆಮೇಲೆ ಬಾ ಅಂತ ಯೇಸು ಹೇಳಿದ್ದು. ಅಂದ್ರೆ ತಮ್ಮನ ಜೊತೆ ಜಗಳ ಇದೆ ಅದಕ್ಕೆ ತಗೊಳ್ಳಲ್ಲ ಅಂತ ವರ್ಷಗಟ್ಟಲೆ ಬೆಂಚಲ್ಲಿ ಕೂರೋದು ಭಕ್ತಿ ಥರ ಕಂಡ್ರೂ ಅರ್ಧ ಕೆಲಸ, ಜಗಳ ಹಾಗೇ ಇಟ್ಕೊಂಡು ಸಂಸ್ಕಾರ ಬಿಡೋದು ಸುಲಭ, ಎದ್ದು ತಮ್ಮನಿಗೆ ಫೋನ್ ಮಾಡೋದು ಕಷ್ಟ. ಫೋನ್ ಮಾಡಿಯೂ ಅವನು ಎತ್ತಲಿಲ್ಲ ಅಂದ್ರೆ? ಆಗ ಬನ್ನಿ, ನಿಮ್ಮ ಪಾಲಿನದು ನೀವು ಮಾಡಿದ್ದೀರಿ.

ಇನ್ನೊಂದೆರಡು ಸಣ್ಣಪುಟ್ಟ ವಿಷಯ. ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮುಟ್ಟಾದಾಗ ಸಂಸ್ಕಾರ ತಗೋಬಾರದು ಅಂತ ಅಮ್ಮಂದಿರೇ ಹೇಳಿಕೊಟ್ಟಿರ್ತಾರೆ, ಪೌಲನ ಪತ್ರದಲ್ಲಿ ಹಾಗೆ ಒಂದಕ್ಷರ ಇಲ್ಲ, ಹನ್ನೆರಡು ವರ್ಷದಿಂದ ರಕ್ತಸ್ರಾವ ಇದ್ದ ಹೆಂಗಸು ಬಟ್ಟೆ ಮುಟ್ಟಿದ್ದಕ್ಕೆ ಯೇಸು ಅವಳನ್ನ ಮಗಳೇ ಅಂತ ಕರೆದ, ದೂರ ತಳ್ಳಲಿಲ್ಲ. ವೈನ್ ಬದಲು ಜ್ಯೂಸ್ ಕೊಟ್ರೆ ನಡೆಯುತ್ತಾ ಅಂತ ತಲೆ ಕೆಡಿಸ್ಕೊಳ್ಳೋರಿದ್ದಾರೆ, ಕಥೋಲಿಕರಲ್ಲಿ ವೈನೇ ಆಗಬೇಕು, ಪ್ರೊಟೆಸ್ಟೆಂಟರಲ್ಲಿ ಜ್ಯೂಸ್ ಬಂದದ್ದು 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಅನ್ನೋ ಮೆಥೋಡಿಸ್ಟ್ ದ್ರಾಕ್ಷಿ ರಸ ಹುಳಿಯದ ಹಾಗೆ ಕಾಯಿಸಿ ಇಡೋ ವಿಧಾನ ಕಂಡುಹಿಡಿದ್ಮೇಲೆ, ಕುಡಿತ ಬಿಟ್ಟವನೊಬ್ಬ ಅದೇ ವಾಸನೆಗೆ ಮತ್ತೆ ಜಾರಬಾರದು ಅಂತಿದ್ರೆ ಜ್ಯೂಸೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಕ್ರೈಸ್ತರಲ್ಲದ ಗೆಳೆಯರು ಜೊತೆಗೆ ಬಂದಾಗ ನಂಗೂ ಕೊಡ್ತಾರಾ ಅಂತ ಕೇಳ್ತಾರೆ. ಇದು ಬಾಗಿಲಲ್ಲಿ ಎಲ್ಲರಿಗೂ ಹಂಚೋ ಪ್ರಸಾದ ಅಲ್ಲ, ದೀಕ್ಷಾಸ್ನಾನ ಆದವರು ಮಾಡೋ ಒಪ್ಪಂದದ ಊಟ, ಹಾಗಂತ ಮೆಲ್ಲಗೆ ಹೇಳಿ, ಬೇಜಾರಾಗಲ್ಲ. ಎಷ್ಟೋ ಕಡೆ ಅವರೂ ಮುಂದೆ ಬಂದು ಕೈಕಟ್ಟಿ ನಿಂತ್ರೆ ಪಾಸ್ಟರ್ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡ್ತಾರೆ.

2020ರಲ್ಲಿ ಚರ್ಚ್ ಬಾಗಿಲು ಮುಚ್ಚಿದಾಗ ಮೊಬೈಲ್ ಮುಂದೆ ಬಿಸ್ಕೆಟ್, ಗ್ಲಾಸಲ್ಲಿ ಜ್ಯೂಸ್ ಇಟ್ಕೊಂಡು ಸಂಸ್ಕಾರ ತಗೊಂಡವರಿದ್ರು, ಹಾಗೆ ಆಗೋದೇ ಇಲ್ಲ ಅಂದವರೂ ಇದ್ರು. ಆ ಕಷ್ಟದ ಹೊತ್ತಲ್ಲಿ ಮಾಡಿದವರನ್ನ ನಾನು ದೂರಲ್ಲ. ಆದ್ರೆ ಈಗಲೂ ಅದೇ ಸಾಕು ಅಂತ ಸೋಫಾ ಬಿಟ್ಟು ಏಳದವರಿಗೆ ಒಂದು ಮಾತು, ಅಲ್ಲಿ ನಿಮಗೆ ಕಾಯೋರಿಲ್ಲ, ನೀವು ಕಾಯಬೇಕಾದವರೂ ಇಲ್ಲ, ನಿಮ್ಮ ಕೈಗೆ ಇಡೋರೂ ಇಲ್ಲ. ನಿಜವಾಗ್ಲೂ ಬರೋಕಾಗದೇ ಇರೋರ ವಿಷಯ ಬೇರೆ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಅನ್ನೋನು ಚಕ್ರವರ್ತಿಗೆ ಬರೆದ ಮನವಿಲಿ ಕ್ರೈಸ್ತರ ಭಾನುವಾರ ಹೇಗಿರುತ್ತೆ ಅಂತ ವಿವರಿಸ್ತಾ, ಎಲ್ಲರೂ ರೊಟ್ಟಿ ದ್ರಾಕ್ಷಾರಸ ತಗೊಂಡ್ಮೇಲೆ ಬರದೇ ಇದ್ದವರ ಪಾಲನ್ನ ಸಭಾಸೇವಕರು ಅವರ ಮನೆಗೆ ಒಯ್ದು ಕೊಡ್ತಾರೆ, ಉಳ್ಳವರು ಕೊಟ್ಟ ದುಡ್ಡು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಜೈಲಲ್ಲಿರೋರಿಗೆ ಹೋಗುತ್ತೆ ಅಂತಾನೆ. ಈಗಲೂ ಪಾಸ್ಟರ್‌ಗೆ ಒಂದು ಮಾತು ಹೇಳಿದ್ರೆ ಹಾಸಿಗೆ ಹಿಡಿದವರ ಮನೆಗೆ ಸಂಸ್ಕಾರದ ಪೆಟ್ಟಿಗೆ ತಗೊಂಡು ಬಂದೇ ಬರ್ತಾರೆ. ಹಾಗೆ ಬರುವಾಗ ಅವರೊಬ್ಬರನ್ನೇ ಕಳಿಸಬೇಡಿ, ಅಕ್ಕಪಕ್ಕದ ಸಭೆಯವರು ಇಬ್ಬರು ಮೂವರು ಜೊತೆಗೆ ಹೋಗಿ ಅದೇ ಮಂಚದ ಸುತ್ತ ಕೂತು ನೀವೂ ತಗೊಳ್ಳಿ.